ಕಾರ್ಬ್ಯುರೇಟರ್ ಕಿತ್ತ ಮೇಲೆ ಎಂಜಿನ್ ಬ್ಯಾಟರಿಯ ಕೈಯಲ್ಲಿ

ಮಾನ್ಯ ಸಂಪಾದಕರೇ,

ಶೆಡ್ಡಿನಲ್ಲೋ ಗ್ಯಾರೇಜಿನಲ್ಲೋ ಸ್ವಂತ ಕೈಯಿಂದ ವಿಮಾನ ಕಟ್ಟಿದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ರೆಕ್ಕೆಯ ಉದ್ದ, ಖರ್ಚಾದ ಹಣ, ಊರವರ ಬೆರಗು ಎಲ್ಲವೂ ಇರುತ್ತದೆ. ಎಂಜಿನ್ ವಿಷಯಕ್ಕೆ ಬಂದಾಗ ಮಾತ್ರ 'ಕಾರಿನ ಎಂಜಿನ್ ಅಳವಡಿಸಲಾಗಿದೆ' ಎಂಬ ಒಂದೇ ಸಾಲು. ಅದಕ್ಕೆ 'ಎಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್ ಇರುವುದರಿಂದ ಹೆಚ್ಚು ಸುರಕ್ಷಿತ' ಎಂಬ ಬಾಲವೂ ಸೇರಿಕೊಳ್ಳುವುದುಂಟು. ಈ ಪತ್ರ ಆ ಬಾಲದ ಬಗ್ಗೆ. ಕಾರ್ಬ್ಯುರೇಟರ್ ಗಾಳಿಯ ಸೆಳೆತದಿಂದಲೇ ಪೆಟ್ರೋಲ್ ಬೆರೆಸುತ್ತದೆ; ಇಂಜೆಕ್ಷನ್‌ನಲ್ಲಿ ಆ ಕೆಲಸ ವಿದ್ಯುತ್ ಪಂಪಿನದು ಮತ್ತು ಇಂಜೆಕ್ಟರ್ ಎಂಬ ವಿದ್ಯುತ್ ಕವಾಟದ್ದು. ಇಂಜೆಕ್ಷನ್ ಒಳ್ಳೆಯದೇ. ಆದರೆ ಅದನ್ನು ಸುರಕ್ಷಿತ ಮಾಡುವುದು ಇಂಜೆಕ್ಟರ್ ಅಲ್ಲ, ಅದರ ಹಿಂದಿನ ವೈರು, ಬ್ಯಾಟರಿ ಮತ್ತು ಟ್ಯಾಂಕಿಗೆ ವಾಪಸು ಹೋಗುವ ಒಂದು ಪೈಪು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ನಮ್ಮ ಬೈಕು, ಸ್ಕೂಟರುಗಳಿಗೂ ಇಂಜೆಕ್ಷನ್ ಬಂತು. ಹಳೆಯ ಕಾರ್ಬ್ಯುರೇಟರ್ ಬೈಕಿನ ಬ್ಯಾಟರಿ ಸತ್ತಿದ್ದರೂ ನಾಲ್ಕು ಕಿಕ್ ಹೊಡೆದರೆ ಹೊರಡುತ್ತಿತ್ತು. ಹೊಸ ಬೈಕಿನ ಬ್ಯಾಟರಿ ಪೂರ್ತಿ ಸತ್ತರೆ ಇಳಿಜಾರಿನಲ್ಲಿ ತಳ್ಳಿದರೂ ಏಳುವುದು ಕಷ್ಟ. ಪಂಪಿಗೂ ಕರೆಂಟಿಲ್ಲ, ಇಂಜೆಕ್ಟರಿಗೂ ಇಲ್ಲ, ಅವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಇಸಿಯುಗೂ ಇಲ್ಲ. ಇಡೀ ಸಮಸ್ಯೆ ಇಷ್ಟೇ. ಬೈಕಾದರೆ ರಸ್ತೆಬದಿಗೆ ತಳ್ಳಿ ನಿಲ್ಲಿಸಬಹುದು.

ಹವ್ಯಾಸಿ ವಿಮಾನ ನಿರ್ಮಾಣ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನವರು ಹೆಚ್ಚಾಗಿ ಬಳಸುವುದು ಲೈಕಮಿಂಗ್ ಒ-320, ಒ-360 ಎಂಜಿನ್‌ಗಳನ್ನು. ನಾಲ್ಕು ಸಿಲಿಂಡರ್, ಗಾಳಿಯಿಂದಲೇ ತಂಪು, ಎರಡು ಮ್ಯಾಗ್ನೆಟೊ, ಕೆಳಗೊಂದು ಕಾರ್ಬ್ಯುರೇಟರ್. ರೆಕ್ಕೆ ಮೇಲಿರುವ ವಿಮಾನದಲ್ಲಿ ಪೆಟ್ರೋಲ್ ತಾನಾಗಿಯೇ ಕೆಳಗಿಳಿಯುತ್ತದೆ, ಮ್ಯಾಗ್ನೆಟೊ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಇಡೀ ವಿಮಾನದ ವಿದ್ಯುತ್ ಕಡಿಯುವ ಮಾಸ್ಟರ್ ಸ್ವಿಚ್ ಆಫ್ ಮಾಡಿದರೂ ಎಂಜಿನ್‌ಗೆ ಗೊತ್ತೇ ಆಗುವುದಿಲ್ಲ. ಹಳೆಯ ಕಾಲದ ಯಂತ್ರ ಎಂದು ನಗುವವರು ಈ ಒಂದು ಗುಣಕ್ಕಾದರೂ ಟೋಪಿ ತೆಗೆಯಬೇಕು.

ಹಾಗಾದರೆ ಕಾರ್ಬ್ಯುರೇಟರ್ ಕೀಳುವುದೇಕೆ? ಮೊದಲ ಕಾರಣ ಮಂಜುಗಡ್ಡೆ. ವೆಂಚುರಿ ಎಂಬ, ಕಾರ್ಬ್ಯುರೇಟರಿನ ಕಿರಿದಾದ ಕತ್ತಿನಲ್ಲಿ ಪೆಟ್ರೋಲ್ ಆವಿಯಾಗುವಾಗ ಅಲ್ಲಿನ ಉಷ್ಣತೆ 20 ಡಿಗ್ರಿಗೂ ಹೆಚ್ಚು ಕುಸಿಯಬಹುದು. ಹೊರಗೆ 18-20 ಡಿಗ್ರಿ ಇದ್ದು ಗಾಳಿ ತೇವವಾಗಿದ್ದರೆ ಸಾಕು, ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆಗೆ ಐಸ್ ಕಟ್ಟುತ್ತದೆ. ಚಳಿ ಬೇಕೆಂದೇನೂ ಇಲ್ಲ, ಮಳೆಗಾಲದ ಮಲೆನಾಡಿನ ಬೆಳಗು ಇದಕ್ಕೆ ಹೇಳಿಮಾಡಿಸಿದ ಹವೆ. ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಚಿಮ್ಮುವುದು ಬಿಸಿ ಸಿಲಿಂಡರಿನ ಬಾಗಿಲಲ್ಲಿ, ಆದ್ದರಿಂದ ಈ ಕಾಟ ಇಲ್ಲ. ಎರಡನೆಯದು, ನಾಲ್ಕೂ ಸಿಲಿಂಡರಿಗೆ ಸಮಪಾಲು. ಕಾರ್ಬ್ಯುರೇಟರಿನಲ್ಲಿ ಒಂದು ಸಿಲಿಂಡರ್ ಉಂಡು ತೇಗಿದರೆ ಇನ್ನೊಂದು ಉಪವಾಸ. ಉಳಿತಾಯವೂ ಉಂಟು: ರೋಟ್ಯಾಕ್ಸ್ ಕಂಪನಿ 2012ರಲ್ಲಿ ತಂದ 912 ಐಎಸ್ ಎಂಜಿನ್ ಅದರದೇ ಕಾರ್ಬ್ಯುರೇಟರ್ ಮಾದರಿಗಿಂತ ಸುಮಾರು ಶೇ 20ರಷ್ಟು ಕಡಿಮೆ ಕುಡಿಯುತ್ತದೆ ಎಂಬುದು ತಯಾರಕರ ಲೆಕ್ಕ.

ಆ 912 ಐಎಸ್ ಒಳಗೆ ಏನೇನಿದೆ ಎಂದು ನೋಡಿದರೆ ಮನೆಯಲ್ಲಿ ಕಟ್ಟುವವರಿಗೆ ಅರ್ಧ ಪಾಠವಾಗುತ್ತದೆ. ಪ್ರತಿ ಸಿಲಿಂಡರಿಗೆ ಎರಡು ಇಂಜೆಕ್ಟರ್, ಎ ಮತ್ತು ಬಿ ಎಂಬ ಎರಡು ಕಂಟ್ರೋಲ್ ಲೇನ್ (ಒಂದು ಕೆಟ್ಟರೆ ಇನ್ನೊಂದು ನಡೆಸುವ ನಿಯಂತ್ರಣ ಸಾಲು), ಎರಡು ವಿದ್ಯುತ್ ಪಂಪು, ಎಂಜಿನ್ ಒಳಗೇ ಎರಡು ಜನರೇಟರ್. ಒಂದು ಜನರೇಟರ್ ದುಡಿಯುವುದು ಎಂಜಿನ್‌ಗೆ ಮಾತ್ರ, ಇನ್ನೊಂದು ರೇಡಿಯೊ, ಲೈಟು ಮುಂತಾದವಕ್ಕೆ. ಎಂಜಿನ್ನಿನದು ಕೈಕೊಟ್ಟರೆ ಎರಡನೆಯದು ಎಂಜಿನ್ ಕಡೆ ತಿರುಗುತ್ತದೆ, ರೇಡಿಯೊ ಬ್ಯಾಟರಿಯ ಮೇಲೆ ಬದುಕಿಕೊಳ್ಳಬೇಕು. ಎರಡೂ ಹೋದರೆ ಮಾತ್ರ ಬ್ಯಾಟರಿಯನ್ನು ಎಂಜಿನ್‌ಗೆ ಜೋಡಿಸುವ ಬ್ಯಾಕಪ್ ಸ್ವಿಚ್. ಯಾರು ಮೊದಲು ಉಣ್ಣಬೇಕು ಎಂಬುದನ್ನು ಕಾರ್ಖಾನೆಯಲ್ಲೇ ತೀರ್ಮಾನಿಸಿ ಕಳಿಸಿದ್ದಾರೆ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ತನ್ನ ಹನ್ಸ-3 ತರಬೇತಿ ವಿಮಾನದಲ್ಲಿದ್ದ ಕಾರ್ಬ್ಯುರೇಟರಿನ ರೋಟ್ಯಾಕ್ಸ್ 914 ಬಿಟ್ಟು ಆ ವಿಮಾನದ ಹೊಸ ರೂಪ ಹನ್ಸ-ಎನ್‌ಜಿಗೆ ಆರಿಸಿಕೊಂಡದ್ದು ಇದೇ ಐಎಸ್ ಸರಣಿಯ ಎಂಜಿನ್. ಲೈಕಮಿಂಗ್, ಸುಬಾರು ಅಥವಾ ಫೋಕ್ಸ್‌ವ್ಯಾಗನ್ ಎಂಜಿನ್‌ಗೆ ಇಂಜೆಕ್ಷನ್ ಕಿಟ್ ತಂದು ಕೂರಿಸುವವನು ಮಾತ್ರ ಈ ತೀರ್ಮಾನಗಳನ್ನೆಲ್ಲ ತಾನೇ ಮಾಡಬೇಕು. ಎಡವಟ್ಟಾಗುವುದು ಅಲ್ಲಿಯೇ.

ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಸತ್ತು ಬ್ಯಾಟರಿಯೊಂದೇ ಉಳಿದರೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕೋಣ. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಪಂಪು ಸುಮಾರು 5 ಆಂಪಿಯರ್, ಇಗ್ನಿಷನ್ ಕಾಯಿಲ್‌ಗಳು 3ರಿಂದ 4, ಇಂಜೆಕ್ಟರ್ ಮತ್ತು ಇಸಿಯು ಸೇರಿ 2ರಿಂದ 3. ಒಟ್ಟು 11 ಎನ್ನಿ. 16 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಒಂದೂವರೆ ಗಂಟೆ ಎಂದು ಭಾಗಾಕಾರ ಮಾಡಿ ನೆಮ್ಮದಿಯಾಗಿ ಕೂರುವವರಿದ್ದಾರೆ. ಆ 16 ಎಂಬುದು ನಿಧಾನವಾಗಿ, ಹತ್ತಿಪ್ಪತ್ತು ಗಂಟೆ ಹೀರಿದಾಗಿನ ಲೆಕ್ಕ. ಒಂದೇ ಸಲ 11 ಆಂಪಿಯರ್ ಎಳೆದರೆ ಹೊಸ ಲೆಡ್-ಆಸಿಡ್ ಬ್ಯಾಟರಿಯೂ 12ರ ಆಸುಪಾಸು ಕೊಟ್ಟೀತು. ಎರಡು ವರ್ಷ ಹಳೆಯದಾದರೆ ಅದರ ಶೇ 70. ಉಳಿಯಿತು 45 ನಿಮಿಷ. ರೇಡಿಯೊ, ಟ್ರಾನ್ಸ್‌ಪಾಂಡರ್, ಪರದೆಗಳು ಆನ್ ಇದ್ದರೆ ಅರ್ಧ ಗಂಟೆ. ಮನೆಯ ಯುಪಿಎಸ್ ಮೊದಲ ವರ್ಷ ಮೂರು ಗಂಟೆ ಬಂದು ಮೂರನೇ ವರ್ಷ ಒಂದು ಗಂಟೆಗೆ ಕೈಯೆತ್ತುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಎಂಜಿನ್‌ಗೆಂದೇ ಪ್ರತ್ಯೇಕ ಬಸ್ (ಕರೆಂಟ್ ಹಂಚುವ ಪಟ್ಟಿ) ಬೇಕು, ಎರಡು ಬ್ಯಾಟರಿ ಬೇಕು. ಪ್ರತಿ ಬ್ಯಾಟರಿಯಿಂದ ತನ್ನದೇ ಫ್ಯೂಸು, ತನ್ನದೇ ಸ್ವಿಚ್ಚು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ತನ್ನದೇ ಡಯೋಡಿನ ಮೂಲಕ ಆ ಬಸ್ಸಿಗೆ ವೈರು ಬರಬೇಕು. ಶಾಟ್ಕಿ ಎಂಬ ಬಗೆಯ ಡಯೋಡಿನಲ್ಲಿ ಅರ್ಧ ವೋಲ್ಟ್ ನಷ್ಟ, 11 ಆಂಪಿಯರಿಗೆ ಐದಾರು ವಾಟ್ ಬಿಸಿ; ಹೀಟ್ ಸಿಂಕ್ ಇಲ್ಲದೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಬಾರದು. ಪಂಪು ಒಂದಕ್ಕೆ, ಎರಡಕ್ಕೆ, ಇಸಿಯು ಎರಡಕ್ಕೂ ಬೇರೆ ಬೇರೆ ಫ್ಯೂಸು. ವರ್ಷಕ್ಕೊಂದು ಹೊಸ ಬ್ಯಾಟರಿ ತಂದು ಮೊದಲನೇ ಜಾಗಕ್ಕೆ ಹಾಕಿ, ಅಲ್ಲಿದ್ದುದನ್ನು ಎರಡನೇ ಜಾಗಕ್ಕೆ ಸರಿಸಿದರೆ ಎರಡೂ ಒಟ್ಟಿಗೆ ಮುದಿಯಾಗುವುದಿಲ್ಲ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಎಂಜಿನ್ ಬಸ್ ಮಾಸ್ಟರ್ ಕಾಂಟ್ಯಾಕ್ಟರಿನ (ಮಾಸ್ಟರ್ ಸ್ವಿಚ್ ನಡೆಸುವ ರಿಲೇಯ) ಹಿಂದೆ ಇರಕೂಡದು. ಕಾಕ್‌ಪಿಟ್‌ನಲ್ಲಿ ಸುಟ್ಟ ವಾಸನೆ ಬಂದರೆ ಪೈಲಟ್ ಕಲಿತ ಮೊದಲ ಪಾಠ ಮಾಸ್ಟರ್ ಆಫ್ ಮಾಡುವುದು. ಮ್ಯಾಗ್ನೆಟೊ ಕಾಲದ ಪಾಠ ಅದು, ಕೈ ತಾನಾಗಿಯೇ ಹೋಗುತ್ತದೆ. ಕಾರಿನ ವೈರಿಂಗ್ ನಕ್ಷೆಯನ್ನು ಹಾಗೇ ಇಳಿಸಿಕೊಂಡ ವಿಮಾನದಲ್ಲಿ ಆ ಕ್ಷಣ ಹೊಗೆಯ ಜೊತೆ ಎಂಜಿನ್ನೂ ನಿಲ್ಲುತ್ತದೆ. ಮಾಸ್ಟರ್ ಆಫ್ ಆದರೂ ಓಡುತ್ತಿರಬೇಕು, ಎಂಜಿನ್ ನಿಲ್ಲಿಸಲು ಬೇರೆಯೇ ಎರಡು ಸ್ವಿಚ್ ಇರಬೇಕು.

ಎರಡು ಇಸಿಯು ಹಾಕಿದ್ದೇವೆ ಎಂದು ಎದೆ ತಟ್ಟಿಕೊಳ್ಳುವ ಮೊದಲು ಎರಡರ ಗ್ರೌಂಡ್ ವೈರು ಎಲ್ಲಿ ಸೇರುತ್ತದೆ ಎಂದು ಹುಡುಕಿ ನೋಡಬೇಕು. ಬಹಳ ಸಲ ಒಂದೇ ಬೋಲ್ಟಿನಡಿ, ಒಂದೇ ರಿಂಗ್ ಟರ್ಮಿನಲ್ಲಿನಲ್ಲಿ, ಅದೂ ಬಣ್ಣ ಕೆರೆಯದ ತಗಡಿನ ಮೇಲೆ. ಆ ಬೋಲ್ಟ್ ಸಡಿಲವಾದರೆ ಎರಡೂ ಒಟ್ಟಿಗೆ ಮಲಗುತ್ತವೆ. ವೈರಿನ ತುದಿಗಳನ್ನು ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಬೇಕು. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಹರಿದು ವೈರು ಕಡ್ಡಿಯಂತೆ ಸೆಟೆಯುತ್ತದೆ, ಎಂಜಿನ್ ನಡುಕಕ್ಕೆ ಆ ಸೆಟೆದ ಜಾಗದ ಅಂಚಿನಲ್ಲೇ ಮುರಿಯುತ್ತದೆ. ಹೊರಗಿನ ಹೊದಿಕೆ ಹಾಗೇ ಇರುವುದರಿಂದ ಕಣ್ಣಿಗೆ ಕಾಣುವುದೂ ಇಲ್ಲ. ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟು ವೋಲ್ಟೇಜ್ ಏರಿದರೆ 16 ವೋಲ್ಟಿನ ಆಸುಪಾಸಿನಲ್ಲಿ ತಾನಾಗಿ ಕತ್ತರಿಸುವ ರಕ್ಷಣೆ ಇರಬೇಕು, ಇಲ್ಲದಿದ್ದರೆ ಎರಡು ಇಸಿಯುಗಳೂ ಒಂದೇ ಏಟಿಗೆ ಸುಡುತ್ತವೆ. ಕೆಳಗಿನ ತುದಿಗೆ, 13 ವೋಲ್ಟಿಗಿಂತ ಇಳಿದ ಕೂಡಲೇ ಉರಿಯುವ ಕೆಂಪು ದೀಪ, ಪೈಲಟ್ ಕಣ್ಣಿನ ನೇರಕ್ಕೆ. ಆಲ್ಟರ್ನೇಟರ್ ಸತ್ತದ್ದು ಗೊತ್ತಾಗಬೇಕಾದದ್ದು ಆಗಲೇ ಹೊರತು ಪರದೆಗಳು ಮಂಕಾದಾಗಲ್ಲ.

ವೋಲ್ಟೇಜ್ ಇಳಿದರೆ ಎಂಜಿನ್ ನಿಲ್ಲುವ ಮೊದಲೇ ಇನ್ನೊಂದು ತೊಂದರೆ ಶುರುವಾಗುತ್ತದೆ. ಇಂಜೆಕ್ಟರ್ ಒಂದು ಕಾಯಿಲ್. ಕರೆಂಟ್ ಕೊಟ್ಟ ತಕ್ಷಣ ತೆರೆಯುವುದಿಲ್ಲ. ಸಾಮಾನ್ಯ ಇಂಜೆಕ್ಟರ್ 14 ವೋಲ್ಟಿನಲ್ಲಿ ತೆರೆಯಲು ಸುಮಾರು 1 ಮಿಲಿಸೆಕೆಂಡ್ ತೆಗೆದುಕೊಂಡರೆ 11 ವೋಲ್ಟಿನಲ್ಲಿ ಒಂದೂವರೆ. ಇಸಿಯುನಲ್ಲಿ ಇದಕ್ಕೆ ಪರಿಹಾರದ ಕೋಷ್ಟಕ ಇರುತ್ತದೆ, ಅದನ್ನು ಕೈಯಲ್ಲಿರುವ ಇಂಜೆಕ್ಟರಿಗೆ ಹೊಂದಿಸಿ ತುಂಬಿರಬೇಕು. ತುಂಬದಿದ್ದರೆ ಪೂರ್ತಿ ಥ್ರಾಟಲ್‌ನಲ್ಲಿ ತಿಳಿಯುವುದೇ ಇಲ್ಲ, ಇಳಿಯಲೆಂದು ಥ್ರಾಟಲ್ ಮುಚ್ಚಿದಾಗ ತಿಳಿಯುತ್ತದೆ. ಪ್ರತಿ ಸುತ್ತಿಗೊಮ್ಮೆ ಚಿಮ್ಮಿಸುವ ವ್ಯವಸ್ಥೆಯಲ್ಲಿ ಐಡಲ್ ವೇಗದಲ್ಲಿ ಇಂಜೆಕ್ಟರ್ ನಿಜವಾಗಿ ತೆರೆದಿರುವುದು 5 ಮಿಲಿಸೆಕೆಂಡ್ ಆಸುಪಾಸು. ಇರಲಿ ಎಂದು ದುಪ್ಪಟ್ಟು ದೊಡ್ಡ ರೇಸಿಂಗ್ ಇಂಜೆಕ್ಟರ್ ಹಾಕಿದ್ದರೆ ಎರಡೂವರೆ. ಅದರಲ್ಲಿ ಅರ್ಧ ಮಿಲಿಸೆಕೆಂಡ್ ಹೋದರೆ ಐದರಲ್ಲೊಂದು ಪಾಲು ಪೆಟ್ರೋಲ್ ಖೋತಾ. ಎಂಜಿನ್ ಕೆಮ್ಮಿ ನಿಲ್ಲುವುದು ರನ್‌ವೇಗೆ ಅರ್ಧ ಕಿಲೋಮೀಟರ್ ಇರುವಾಗ.

ಇಂಜೆಕ್ಟರ್ ಗಾತ್ರದ ಲೆಕ್ಕ ಕಷ್ಟದ್ದೇನಲ್ಲ. 160 ಅಶ್ವಶಕ್ತಿಯ ಒ-320 ಟೇಕಾಫ್‌ನಲ್ಲಿ ಗಂಟೆಗೆ ಸುಮಾರು 36 ಕಿಲೊ, ಅಂದರೆ 50 ಲೀಟರ್ ಪೆಟ್ರೋಲ್ ಕೇಳುತ್ತದೆ. ಸಿಲಿಂಡರಿಗೆ ನಿಮಿಷಕ್ಕೆ 210 ಸಿಸಿ. ಇಂಜೆಕ್ಟರ್ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂದಿಟ್ಟುಕೊಂಡರೆ 260 ಸಿಸಿಯದು ಸಾಕು. ಕಾರಿನವರು ನಿಮಿಷಕ್ಕೆ 6000 ಸುತ್ತಿನಲ್ಲಿ ಒಂದು ಚಕ್ರಕ್ಕೆ (ಎರಡು ಸುತ್ತಿಗೆ) 20 ಮಿಲಿಸೆಕೆಂಡ್ ಸಿಕ್ಕರೆ ಹೆಚ್ಚು ಎನ್ನುತ್ತಾರೆ, 2700 ಸುತ್ತಿನ ವಿಮಾನದ ಎಂಜಿನ್‌ಗೆ 44 ಸಿಗುತ್ತದೆ. ದೊಡ್ಡದು ಕೊಳ್ಳುವುದರಿಂದ ಲಾಭವೇ ಇಲ್ಲ.

ಇನ್ನು ವಾಪಸು ಪೈಪಿನ ವಿಷಯ. ಕಾರ್ಬ್ಯುರೇಟರಿಗೆ ಒಂದು 'ಬಾರ್' ಒತ್ತಡದ (ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ) ಮೂರನೇ ಒಂದು ಪಾಲು ಸಾಕಿತ್ತು. ಇಂಜೆಕ್ಷನ್‌ಗೆ 3 ಬಾರ್ ಬೇಕು. ಪಂಪು ಗಂಟೆಗೆ 150 ಲೀಟರಿನಷ್ಟು ತಳ್ಳುತ್ತಲೇ ಇರುತ್ತದೆ, ಎಂಜಿನ್ ಕ್ರೂಸ್‌ನಲ್ಲಿ, ಅಂದರೆ ಸಮ ಹಾರಾಟದಲ್ಲಿ, ಬಳಸುವುದು 32. ಮಿಕ್ಕ 118 ಲೀಟರ್ ಟ್ಯಾಂಕಿಗೆ ಮರಳಬೇಕು. ಯಾವ ಟ್ಯಾಂಕಿಗೆ? ಎಡ, ಬಲ ಎರಡು ಟ್ಯಾಂಕಿನ ವಿಮಾನದಲ್ಲಿ ವಾಪಸು ಪೈಪನ್ನು ಸುಲಭವಾಯಿತೆಂದು ಬಲ ಟ್ಯಾಂಕಿಗೆ ಸೇರಿಸಿ, ಪೈಲಟ್ ಎಡದಿಂದ ಎಳೆಯುತ್ತಿದ್ದಾನೆ ಎಂದುಕೊಳ್ಳಿ. ಎಡದಲ್ಲಿದ್ದ 70 ಲೀಟರ್ ಅರ್ಧ ಗಂಟೆಯೊಳಗೆ ಖಾಲಿ. ಎಂಜಿನ್ ಸುಟ್ಟದ್ದು ಬರೀ 15. ಉಳಿದ 55 ಲೀಟರ್, ಮೊದಲೇ ತುಂಬಿದ್ದ ಬಲ ಟ್ಯಾಂಕಿನ ವೆಂಟ್ ಮೂಲಕ ಆಕಾಶದ ಪಾಲು. ಗೇಜು ನೋಡುವ ಪೈಲಟ್‌ಗೆ ಬಲ ಟ್ಯಾಂಕ್ 'ಫುಲ್' ಎಂದೇ ಕಾಣುತ್ತದೆ. ಇದಕ್ಕೆ ಡ್ಯುಪ್ಲೆಕ್ಸ್ ಸೆಲೆಕ್ಟರ್ ಎಂಬ ವಾಲ್ವ್ ಸಿಗುತ್ತದೆ: ಹಿಡಿ ತಿರುಗಿಸಿದರೆ ಹೋಗುವ ದಾರಿ, ಬರುವ ದಾರಿ ಎರಡೂ ಒಟ್ಟಿಗೆ ಬದಲಾಗುತ್ತವೆ. ಬೆಲೆ ನೋಡಿ ಹಿಂಜರಿಯುವವರು ಬೇರೆಲ್ಲಾದರೂ ಉಳಿಸಲಿ.

ಪಂಪು ಎಲ್ಲಿರಬೇಕು ಎಂಬುದನ್ನು ನಮ್ಮ ರೈತರಿಗೆ ಕೇಳಿದರೆ ಸರಿಯಾಗಿ ಹೇಳುತ್ತಾರೆ. ಮೇಲೆ ಕೂತು ಎಳೆಯುವ ಮೋಟರಿಗೆ ಮಿತಿ ಇದೆ. ಆಳದ ಬೋರ್‌ವೆಲ್‌ಗೆ ಸಬ್‌ಮರ್ಸಿಬಲ್ಲನ್ನು ನೀರಿಗೇ ಇಳಿಸುವುದು ಅದಕ್ಕೇ. ಪೆಟ್ರೋಲ್ ಪಂಪೂ ಹಾಗೆಯೇ, ತಳ್ಳುವುದರಲ್ಲಿ ಜಾಣ, ಎಳೆಯುವುದರಲ್ಲಿ ದಡ್ಡ. ಎಳೆಯುವ ಕಡೆ ಒತ್ತಡ ಕುಸಿದರೆ ಬಿಸಿ ಪೆಟ್ರೋಲ್ ಪೈಪಿನಲ್ಲೇ ಕುದಿದು ಗುಳ್ಳೆಯಾಗುತ್ತದೆ, ಗುಳ್ಳೆಯನ್ನು ಪಂಪು ತಳ್ಳಲಾರದು. ಎತ್ತರ ಹೆಚ್ಚಾದಷ್ಟೂ ಇದು ಹೆಚ್ಚು. ಪಂಪುಗಳು ಟ್ಯಾಂಕಿನ ಹತ್ತಿರ, ಆದಷ್ಟು ಕೆಳಗೆ, ಎಂಜಿನ್ನಿನ ಬಿಸಿ ತಾಗದ ಕಡೆ ಇರಬೇಕು. ಎಳೆಯುವ ಪೈಪು ಎಎನ್-6 ಎಂಬ ವಿಮಾನ ಪೈಪಿನ ಅಳತೆಗಿಂತ ಸಣ್ಣದಾಗಬಾರದು, 90 ಡಿಗ್ರಿ ಎಲ್ಬೋಗಳು ಬೇಡ. ಪಂಪಿಗೆ ಮೊದಲು 100 ಮೈಕ್ರಾನಿನ ಒರಟು ಫಿಲ್ಟರ್, ಆಮೇಲೆ 10 ಮೈಕ್ರಾನಿನ ನಯವಾದದ್ದು. ಅದಲುಬದಲಾದರೆ ನಯವಾದದ್ದೇ ಗುಳ್ಳೆ ಹುಟ್ಟಿಸುತ್ತದೆ. ಹೊಸ ಟ್ಯಾಂಕಿನಲ್ಲಿ ಸೀಲಂಟಿನ ಚೂರು, ಡ್ರಿಲ್ಲಿನ ಪುಡಿ ಇದ್ದೇ ಇರುತ್ತವೆ, ಮೊದಲ ಹತ್ತು ಗಂಟೆಯಲ್ಲಿ ಎರಡು ಸಲವಾದರೂ ಫಿಲ್ಟರ್ ಬಿಚ್ಚಿ ನೋಡಬೇಕು. ಹಳೆಯ ರಬ್ಬರ್ ಹೋಸು, ಸ್ಕ್ರೂ ಕ್ಲಾಂಪು ನಡೆಯುವುದಿಲ್ಲ. ಕಾರ್ಬ್ಯುರೇಟರಿನ ಪೈಪು ಸೋರಿದರೆ ತೊಟ್ಟಿಕ್ಕುತ್ತದೆ. 3 ಬಾರಿನದು ಸೋರಿದರೆ ಮಂಜಿನಂತೆ ಸಿಡಿಯುತ್ತದೆ, ಪಕ್ಕದಲ್ಲೇ ಸುಡುವ ಎಕ್ಸಾಸ್ಟ್ ಪೈಪಿರುತ್ತದೆ.

ಎಷ್ಟು ಒತ್ತಡ, ಎಷ್ಟು ವೇಗಕ್ಕೆ ಎಷ್ಟು ಪೆಟ್ರೋಲ್ ಎಂದು ಇಸಿಯುನ ಕೋಷ್ಟಕದ ಮನೆಗಳನ್ನು ತುಂಬುವ ಮ್ಯಾಪಿಂಗ್ ಬಗ್ಗೆ ಜನ ಅತಿಯಾಗಿ ಮಾತಾಡುತ್ತಾರೆ, ಲ್ಯಾಪ್‌ಟಾಪ್ ಬೇಕಾಗುವ ಕೆಲಸಕ್ಕೆ ಯಾವಾಗಲೂ ಒಂದು ಗತ್ತು. ಬೆಂಗಳೂರಿನವರಿಗೆ ಒಂದು ಎಚ್ಚರ ಮಾತ್ರ. ಜಕ್ಕೂರು ಏರೋಡ್ರೋಮ್ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಅಲ್ಲಿ ಥ್ರಾಟಲ್ ಪೂರ್ತಿ ತೆರೆದರೂ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ ಒಳಗೆಳೆಯುವ ಗಾಳಿಯ ಒತ್ತಡ) ಪಾದರಸದ 26-27 ಇಂಚು ಮುಟ್ಟೀತು, ಅಷ್ಟೆ. ಅದಕ್ಕಿಂತ ಮೇಲಿನ ಮ್ಯಾಪ್ ಮನೆಗಳಿಗೆ ಆ ಎಂಜಿನ್ ಒಮ್ಮೆಯೂ ಕಾಲಿಟ್ಟಿರುವುದಿಲ್ಲ, ಅಲ್ಲಿರುವುದು ಅಂದಾಜಿನ ಅಂಕಿ. ಅದೇ ವಿಮಾನ ಕರಾವಳಿಗೆ ಹೋಗಿ ಟೇಕಾಫ್ ಮಾಡಿದಾಗ 29 ಇಂಚು ಬರುತ್ತದೆ. ಆ ಮನೆಯಲ್ಲಿ ಪೆಟ್ರೋಲ್ ಕಡಿಮೆ ಬರೆದಿದ್ದರೆ ಪೂರ್ತಿ ಶಕ್ತಿಯಲ್ಲಿ ಲೀನ್ ಆಗಿ ಎಂಜಿನ್ ಬಡಿಯಲು ಶುರುಮಾಡುತ್ತದೆ, ಪಿಸ್ಟನ್ ತೂತಾಗಲು ಹೆಚ್ಚು ಹೊತ್ತು ಬೇಡ. ಹನ್ಸ-ಎನ್‌ಜಿಯನ್ನು 2022ರ ಫೆಬ್ರುವರಿಯಲ್ಲಿ ಸಮುದ್ರಮಟ್ಟದ ಪರೀಕ್ಷೆಗೆಂದೇ ಪುದುಚೇರಿಗೆ ಹಾರಿಸಿಕೊಂಡು ಹೋಗಿದ್ದರು. ಮನೆಯಲ್ಲಿ ಕಟ್ಟಿದವರು ಮೇಲಿನ ಮನೆಗಳನ್ನು ಬೇಕೆಂದೇ ರಿಚ್ ಆಗಿ, ಅಂದರೆ ಪೆಟ್ರೋಲ್ ಹೆಚ್ಚಾಗಿ, ಬರೆದಿಟ್ಟು, ಕರಾವಳಿಯ ಮೊದಲ ಟೇಕಾಫ್‌ನಲ್ಲಿ ಸಿಲಿಂಡರ್ ಹೆಡ್ಡಿನ ಉಷ್ಣತೆ ಮತ್ತು ಎಕ್ಸಾಸ್ಟ್ ಹೊಗೆಯಿಂದ ಮಿಶ್ರಣ ಅಳೆಯುವ ಲ್ಯಾಂಬ್ಡಾ ಸೆನ್ಸರಿನ ರೀಡಿಂಗ್ ಗಮನಿಸಿ ಇಳಿಸಿಕೊಳ್ಳಬೇಕು. ಲೈಕಮಿಂಗ್‌ನಲ್ಲಿ ಹೆಡ್ 200 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಒಳ್ಳೆಯದು. ಇಗ್ನಿಷನ್ ಟೈಮಿಂಗ್ (ಪಿಸ್ಟನ್ ಮೇಲ್ತುದಿ ಮುಟ್ಟುವ ಎಷ್ಟು ಮೊದಲು ಕಿಡಿ ಎಂಬುದು) ಪೂರ್ತಿ ಶಕ್ತಿಯಲ್ಲಿ ಮ್ಯಾಗ್ನೆಟೊ ಇದ್ದಷ್ಟೇ, ಸಾಮಾನ್ಯವಾಗಿ 25 ಡಿಗ್ರಿ. ಅದಕ್ಕಿಂತ ಮುಂದೆ ತಳ್ಳುವ ಆಸೆ ಬೇಡ.

ಪೆಟ್ರೋಲ್ ಬಂಕಿನ ಇಂಧನ ಬಳಸುವವರಿಗೆ ಇನ್ನೊಂದು ಮಾತು. ಈಗ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಇರುವುದು. ಎಥನಾಲ್ ಬೆರೆತ ಪೆಟ್ರೋಲ್ ಅಷ್ಟೇ ಗಾಳಿಗೆ ಶೇ 8ರಿಂದ 9ರಷ್ಟು ಹೆಚ್ಚು ಬೇಕಾಗುತ್ತದೆ. ಶುದ್ಧ ಪೆಟ್ರೋಲಿಗೆ ಬರೆದ ಮ್ಯಾಪಿನಲ್ಲಿ ಇ20 ತುಂಬಿಸಿದರೆ ಎಂಜಿನ್ ಅಷ್ಟರಮಟ್ಟಿಗೆ ಲೀನ್. ಲ್ಯಾಂಬ್ಡಾ ಸೆನ್ಸರ್ ತಿದ್ದಿಕೊಳ್ಳುತ್ತದಲ್ಲ ಎಂದರೆ, ಅದು ಸಾಮಾನ್ಯವಾಗಿ ತಿದ್ದುವುದು ಕ್ರೂಸ್‌ನಲ್ಲಿ, ಟೇಕಾಫ್‌ನಲ್ಲಲ್ಲ. ವಿಮಾನಗಳಿಗೆಂದೇ ಇರುವ, ಸೀಸ ಬೆರೆತ ಪೆಟ್ರೋಲ್ ಎವಿಗ್ಯಾಸ್ 100 ಎಲ್‌ಎಲ್ ಹಾಕಿದರಂತೂ ಆ ಸೆನ್ಸರಿನ ಆಯುಷ್ಯವೇ ಮೊಟಕು. ರೋಟ್ಯಾಕ್ಸ್ 912 ಸರಣಿಗೆ ತಯಾರಕರು ಒಪ್ಪಿರುವುದು ಇ10ವರೆಗೆ. ಪರೀಕ್ಷೆ ಸುಲಭ: ಗೆರೆ ಇರುವ 100 ಮಿಲಿ ಗಾಜಿನ ಸಿಲಿಂಡರಿನಲ್ಲಿ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಅಲುಗಾಡಿಸಿ ಹತ್ತು ನಿಮಿಷ ಬಿಡಿ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಹತ್ತಿರ ಏರಿದರೆ ಇ20. ಟ್ಯಾಂಕಿನ ಸೀಲಂಟು ಎಥನಾಲ್ ತಡೆಯುತ್ತದೆಯೇ ಎಂಬುದನ್ನು ಟ್ಯಾಂಕ್ ಮುಚ್ಚುವ ಮೊದಲೇ ಒಂದು ಚೂರು ಸೀಲಂಟನ್ನು ಸೀಸೆಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ನೋಡಬೇಕು.

ಹಾರುವ ಮೊದಲು ನೆಲದ ಮೇಲೆ ಮಾಡಬೇಕಾದ್ದು ಮೂರು ಕೆಲಸ. ಒಂದು, ಮೂಗನ್ನು ಟೇಕಾಫ್ ಕೋನಕ್ಕೆ ಎತ್ತಿ ನಿಲ್ಲಿಸಿ, ಟ್ಯಾಂಕಿನಲ್ಲಿ ಕನಿಷ್ಠ ಇಂಧನ ಇಟ್ಟು, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೇಲ್‌ನಲ್ಲಿ 3 ಬಾರ್ ಇರುವಾಗಲೇ ವಾಪಸು ಪೈಪಿನ ಹರಿವನ್ನು ಕ್ಯಾನಿಗೆ ಹಿಡಿದು ಅಳೆಯುವುದು. ಪಂಪಿನಿಂದ ಉಣ್ಣುವ ಎಂಜಿನ್‌ಗೆ ಟೇಕಾಫ್ ಅಗತ್ಯದ ಶೇ 125 ಇರಬೇಕೆಂಬುದು ಅಮೆರಿಕದ ಸಣ್ಣ ವಿಮಾನಗಳ ಹಳೆಯ ನಿಯಮ. ಮೇಲಿನ ಒ-320ಗೆ ಅದು ನಿಮಿಷಕ್ಕೆ ಒಂದು ಲೀಟರಿಗೆ ತುಸು ಹೆಚ್ಚು. ಒಂದೊಂದು ಪಂಪೂ ಒಂಟಿಯಾಗಿಯೇ ಇದನ್ನು ಕೊಡಬೇಕು. ಎರಡು, ಎಂಜಿನ್ 2000 ಸುತ್ತಿನಲ್ಲಿ ಓಡುತ್ತಿರುವಾಗ ಪಂಪು, ಇಸಿಯು, ಬ್ಯಾಟರಿಗಳನ್ನು ಒಂದೊಂದಾಗಿ ಆಫ್ ಮಾಡುವುದು, ಕೊನೆಗೆ ಮಾಸ್ಟರ್ ಕೂಡ. ಮೂರು, ಆಲ್ಟರ್ನೇಟರ್ ಆಫ್ ಮಾಡಿ ಕೈಯಲ್ಲಿ ಗಡಿಯಾರ ಹಿಡಿದು ಬ್ಯಾಟರಿ 11 ವೋಲ್ಟಿಗೆ ಇಳಿಯುವವರೆಗೆ ಓಡಿಸುವುದು. ಬಂದ ನಿಮಿಷಗಳಲ್ಲಿ ಅರ್ಧವನ್ನು ಪ್ಯಾನೆಲ್ ಮೇಲೆ ಬರೆದು ಅಂಟಿಸಿ. ಅಮೆರಿಕದಲ್ಲಿ ಪ್ರಮಾಣೀಕೃತ ಎಂಜಿನ್, ಪ್ರೊಪೆಲರ್ ಜೋಡಿ ಇದ್ದರೆ ಪರೀಕ್ಷಾ ಹಾರಾಟ 25 ಗಂಟೆ, ಇಲ್ಲದಿದ್ದರೆ 40. ಲೈಕಮಿಂಗ್‌ಗೆ ಇಂಜೆಕ್ಷನ್ ಕಿಟ್ ಹಾಕಿದ ಕೂಡಲೇ 40ರ ಸಾಲಿಗೆ ಬಂದಂತೆ.

ಕೊನೆಯದಾಗಿ ಆಕಾಶದಲ್ಲಿ ಮತ್ತೆ ಸ್ಟಾರ್ಟ್ ಮಾಡುವ ವಿಷಯ. 2022ರ ಮೇ 17ರಂದು ಚಳ್ಳಕೆರೆಯ ಡಿಆರ್‌ಡಿಒ ಪರೀಕ್ಷಾ ವಲಯದ ಮೇಲೆ 7000-8000 ಅಡಿಯಲ್ಲಿ ಹನ್ಸ-ಎನ್‌ಜಿಯ ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸಿ ನೋಡಿದರು. ಪ್ರೊಪೆಲರ್ ಗಾಳಿಗೆ ತಿರುಗುತ್ತಿರುವಾಗ ಒಂದು ಬಗೆ, ಪೂರ್ತಿ ನಿಂತಾಗ ಇನ್ನೊಂದು ಬಗೆ. ನಿಂತ ಪ್ರೊಪೆಲರ್ ತಿರುಗಿಸಲು ಸ್ಟಾರ್ಟರ್ ಬೇಕು, ಅದು ನೂರು ಆಂಪಿಯರ್ ದಾಟಿ ಎಳೆಯುತ್ತದೆ. ಬ್ಯಾಟರಿ ಆಗಲೇ ಸೊರಗಿದ್ದರೆ ಆ ಹೊತ್ತಿಗೆ ವೋಲ್ಟೇಜ್ 9ಕ್ಕೆ ಬೀಳುತ್ತದೆ, ಇಸಿಯು ರೀಸೆಟ್ ಆಗುತ್ತದೆ, ಪ್ರೊಪೆಲರ್ ತಿರುಗುತ್ತದೆ ಆದರೆ ಕಿಡಿಯೂ ಇಲ್ಲ ಪೆಟ್ರೋಲೂ ಇಲ್ಲ. ಸ್ಟಾರ್ಟರ್ ಯಾವಾಗಲೂ ಮೊದಲನೇ ಬ್ಯಾಟರಿಯಿಂದ, ಆ ಕೆಲವು ಸೆಕೆಂಡು ಇಸಿಯು ಎರಡನೆಯದರಿಂದ. ನಡುವಿನ ಡಯೋಡು ಎರಡನೆಯದು ಸ್ಟಾರ್ಟರಿನ ಕಡೆ ಹರಿಯದಂತೆ ತಡೆಯುತ್ತದೆ. ಈ ಜೋಡಣೆ ಸರಿಯಿದೆಯೇ ಎಂದು ನೋಡಲು ಹಾರಬೇಕಾಗಿಲ್ಲ. ಹ್ಯಾಂಗರಿನ ಮುಂದೆ ಇಂಜೆಕ್ಟರ್ ಫ್ಯೂಸ್ ತೆಗೆದು ಸ್ಟಾರ್ಟರ್ ಒತ್ತಿ, ಇಸಿಯು ಪರದೆ ಒಮ್ಮೆಯಾದರೂ ಮಿಣುಕುತ್ತದೆಯೇ ಎಂದು ಗಮನಿಸಿದರೆ ಸಾಕು.

— ಇಬ್ಬರು ವಿಮಾನ ನಿರ್ವಹಣಾ ಎಂಜಿನಿಯರುಗಳು, ಬೆಂಗಳೂರು